ಟೆಸ್ಟಿಗೆ ಮುಂಚಿನ ವಾರ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಲಿಫ್ಟ್ ಕೆಟ್ಟು ಕೂತ ಕಟ್ಟಡದ ನಾಲ್ಕನೇ ಮಹಡಿಗೆ ಸೂಜಿಯಕ್ಕ ಆಗಲೇ ಹತ್ತಿಯಾಗಿದೆ. ಹೆಗಲಿಗೆ ಐಸ್ ಪೆಟ್ಟಿಗೆ, ಕಂಕುಳಲ್ಲಿ ಹೆಲ್ಮೆಟ್, ಬೆರಳು ಕಾಲಿಂಗ್ ಬೆಲ್ ಮೇಲೆ. ಅವರ ಬಗ್ಗೆ ಪತ್ರಿಕೆಗೆ ಬರೆಯಲೆಂದು ಬೆನ್ನು ಹತ್ತಿದ ನಾನು ಎರಡನೇ ಮಹಡಿಯ ತಿರುವಿನಲ್ಲಿ ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದೇನೆ. ‘ಮೇಡಂ, ಬರ್ತೀರಾ, ಇಲ್ಲ ಅಲ್ಲೇ ಬಾಡಿಗೆಗೆ ಮನೆ ನೋಡ್ಕೊಂಡ್ರಾ?’ ಎಂದು ಮೇಲಿನಿಂದ ಕೂಗು ಬರುತ್ತದೆ. ಇಡೀ ಕಟ್ಟಡಕ್ಕೆ ಅದೇ ಅಲಾರಂ.

ನಾನು ಒಳಗೆ ಕಾಲಿಡುವಷ್ಟರಲ್ಲಿ ಕೆಲಸ ಅರ್ಧ ಮುಗಿದಿದೆ. ಮನೆಯ ಯಜಮಾನರು ಊಟದ ಮೇಜಿನ ಪಕ್ಕ ತೋಳು ಚಾಚಿ ಕೂತಿದ್ದಾರೆ, ಮುಖ ಮಾತ್ರ ಗೋಡೆಯ ಕಡೆ. ಸೂಜಿಯಕ್ಕ ರಬ್ಬರ್ ಪಟ್ಟಿ ಬಿಗಿದು, ಮೊಣಕೈ ಮಡಿಕೆಯಲ್ಲಿ ಎರಡು ಬೆರಳಿಟ್ಟು ನರ ಹುಡುಕುತ್ತಾರೆ. ‘ಹೋದ ಸಲ ಪಾಸಾಗಿದ್ರಿ ಅಲ್ವಾ? ಈ ಸಲ ಫಸ್ಟ್ ಕ್ಲಾಸ್ ಬರ್ಬೇಕು’ ಎನ್ನುತ್ತಾರೆ. ಯಜಮಾನರಿಗೆ ನಗು ಬರುತ್ತದೆ. ಅವರು ನಕ್ಕ ಆ ಗಳಿಗೆಯಲ್ಲೇ ಸೂಜಿ ಒಳಗಿಳಿದಿದೆ, ಕೊಳವೆಗೆ ರಕ್ತ ಇಳಿಯುತ್ತಿದೆ. ನಗಿಸಿ ಚುಚ್ಚುವುದು ಈಕೆಯ ವರಸೆ. ಅಳುವ ಮಕ್ಕಳಿಂದ ಹಿಡಿದು ಬೈಯುವ ಮುದುಕರವರೆಗೆ ಎಲ್ಲರ ಮೇಲೂ ಇದೇ ನಡೆಯುತ್ತದೆ.

ಹತ್ತಿ ಒತ್ತಿ, ಕೊಳವೆಗೆ ಚೀಟಿ ಅಂಟಿಸಿ, ‘ಈಗ ತಿಂಡಿ ತಿನ್ನಿ, ಹೊಟ್ಟೆ ಶಾಪ ಹಾಕ್ತಿದೆ’ ಎಂದು ಹೇಳಿ ಅವರು ಮೆಟ್ಟಿಲ ಮೇಲಿದ್ದಾರೆ. ಮುಂದಿನ ಮನೆಯವರೂ ಖಾಲಿ ಹೊಟ್ಟೆಯಲ್ಲಿ ಕಾಯುತ್ತಿದ್ದಾರೆ. ಹಸಿದವರ ಮುಂದೆ ತಡವಾಗಿ ಹೋದರೆ ಏನಾಗುತ್ತದೆ ಎಂದು ಈ ಕೆಲಸದಲ್ಲಿರುವವರನ್ನೇ ಕೇಳಬೇಕು.

ಸೂಜಿಯಕ್ಕ ಒಂದು ಸಣ್ಣ ಲ್ಯಾಬಿನಲ್ಲಿ ನೌಕರಿ ಮಾಡುತ್ತಾರೆ. ಮನೆಮನೆಗೆ ಹೋಗಿ ರಕ್ತ ತರುವುದು ಅವರ ಪಾಲಿನ ಕೆಲಸ. ದಿನಕ್ಕೆ ಹನ್ನೆರಡು ಹದಿನೈದು ಮನೆ, ಹೆಚ್ಚಿನವು ಕೊಲೆಸ್ಟ್ರಾಲ್ ಪರೀಕ್ಷೆಯವು. ರಿಪೋರ್ಟಿನ ಕೆಳಗೆ ಡಾಕ್ಟರ ಸಹಿ ಇರುತ್ತದೆ, ಮೇಲೆ ಲ್ಯಾಬಿನ ಹೆಸರು ಇರುತ್ತದೆ, ಮುಂಜಾನೆ ಬಂದು ನಗಿಸಿ ಹೋದ ಹೆಂಗಸಿನ ಗುರುತು ಎಲ್ಲೂ ಇರುವುದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅವರು ಅದೇ ಲ್ಯಾಬಿನಲ್ಲಿ ನೆಲ ಒರೆಸುತ್ತಿದ್ದರು, ಗಾಜಿನ ಸಾಮಾನು ತೊಳೆಯುತ್ತಿದ್ದರು. ಕೋರ್ಸ್ ಮಾಡು ಎಂದು ಹಟ ಹಿಡಿದವರು ಅತ್ತೆ. ‘ಮಗೂನ ನಾನು ನೋಡ್ಕೊಳ್ತೀನಿ, ನೀನು ಓದು ಅಂದ್ರು. ಪರೀಕ್ಷೆ ದಿನ ನನಗಿಂತ ಮುಂಚೆ ಅವರೇ ಎದ್ದು ಕೂರ್ತಿದ್ರು’ ಎನ್ನುತ್ತಾರೆ ಸೂಜಿಯಕ್ಕ.

ಆ ಅತ್ತೆ ಒಂದು ಬೆಳಗ್ಗೆ ಬಟ್ಟೆ ಮಡಚುತ್ತಾ ಕುಸಿದರು. ಹೃದಯಾಘಾತ. ಅವರ ರಕ್ತವನ್ನು ಒಮ್ಮೆಯೂ ಪರೀಕ್ಷೆ ಮಾಡಿರಲಿಲ್ಲ. ‘ಊರಿನವರ ರಕ್ತ ಎಲ್ಲ ತಂದೆ, ನಮ್ಮ ಮನೆಯಲ್ಲೇ ತೆಗೀಲಿಲ್ಲ’ ಎಂದು ಹೇಳುವಾಗ ಅವರು ಸ್ಕೂಟರ್ ಇನ್ನೂ ಜೋರಾಗಿ ಓಡಿಸುತ್ತಾರೆ. ಹಿಂದೆ ಕೂತ ನನಗೆ ಜೀವ ಬಾಯಿಗೆ ಬರುತ್ತದೆ.

ಅಂದಿನಿಂದ ಮಾವನ ಮೇಲೆ ಹದ್ದಿನ ಕಣ್ಣು. ಮಾವ ಬೀಗ ರಿಪೇರಿ ಮಾಡುವವರು. ಅಂಗಡಿ ಬಿಟ್ಟು ವರ್ಷಗಳಾದರೂ ಮನೆಯ ಕಿಟಕಿ ಪಕ್ಕ ಒಂದು ಮೇಜು, ಬೀಗ ಕಚ್ಚಿ ಹಿಡಿಯುವ ವೈಸ್, ಉಜ್ಜುವ ಅರ, ಡಬ್ಬಿ ತುಂಬ ಬೀಗದಕೈ ಇಟ್ಟುಕೊಂಡಿದ್ದಾರೆ. ಬಾಗಿಲು ಹಾಕಿಕೊಂಡು ಹೊರಗೆ ಸಿಕ್ಕಿಬಿದ್ದ ಅಕ್ಕಪಕ್ಕದವರಿಗೆಲ್ಲ ಅವರೇ ದಿಕ್ಕು. ಅವರ ಕೊಲೆಸ್ಟ್ರಾಲ್ ಏರಿತ್ತು. ಡಾಕ್ಟರು ದಿನಕ್ಕೊಂದು ಸ್ಟ್ಯಾಟಿನ್ ಮಾತ್ರೆ ಬರೆದುಕೊಟ್ಟರು. ಮೂರು ತಿಂಗಳಿಗೊಮ್ಮೆ ಸೊಸೆಯೇ ರಕ್ತ ತೆಗೆಯುತ್ತಾರೆ, ಸಂಜೆ ರಿಪೋರ್ಟ್ ತಂದು ಊಟದ ಮೇಜಿನ ಮೇಲೆ ಎಲ್ಲರೆದುರು ಬಿಚ್ಚುತ್ತಾರೆ. ಮಾವ ಪ್ರತಿ ಸಲವೂ ಪಾಸು. ‘ನೋಡಿ ಕಲೀರಿ’ ಎಂದು ಸೂಜಿಯಕ್ಕ ಗಂಡನಿಗೂ ಮಗನಿಗೂ ಹೇಳುತ್ತಾರೆ. ಇದನ್ನೆಲ್ಲ ಅವರು ನನಗೆ ಹೇಳಿದ್ದು ಮೊದಲ ದಿನ, ಬಹಳ ಹೆಮ್ಮೆಯಿಂದ.

ನಾನು ಜೊತೆಗೆ ಅಲೆದ ಮೂರನೆಯ ದಿನ ಮಾವನ ಸರದಿ. ಬೆಳಗಿನ ಮನೆಗಳ ನಡುವೆ ಬಿಡುವು ಮಾಡಿಕೊಂಡು ಸ್ಕೂಟರ್ ಮನೆಯತ್ತ ತಿರುಗಿದೆ. ಬಾಗಿಲು ತೆರೆದೇ ಇದೆ. ಮಾವ ಕಿಟಕಿ ಪಕ್ಕದ ಮೇಜಿನ ಮುಂದೆ ಗಿಡ್ಡ ಸ್ಟೂಲಿನ ಮೇಲೆ ಕೂತಿದ್ದಾರೆ. ಕುತ್ತಿಗೆಗೆ ಮಫ್ಲರ್, ಕೆಮ್ಮು ಹತ್ತು ದಿನದ್ದಂತೆ.

‘ಬನ್ನಿ ಮಾವ, ಕುರ್ಚಿಗೆ ಬನ್ನಿ’ ಎನ್ನುತ್ತಾರೆ ಸೊಸೆ, ಪೆಟ್ಟಿಗೆ ಬಿಚ್ಚುತ್ತಾ.

‘ಇಲ್ಲೇ ತಗೋಮ್ಮ. ಎಲ್ಲಾದ್ರೂ ಅದೇ ರಕ್ತ ತಾನೆ?’

‘ಬೆಳಕು ಸಾಲದು. ಏಳಿ ಏಳಿ.’

ಮಾವ ಮೇಜಿಗೆ ಕೈಯೂರುತ್ತಾರೆ. ಮೇಲೇಳುವುದಿಲ್ಲ. ಇನ್ನೊಮ್ಮೆ ಪ್ರಯತ್ನಿಸುತ್ತಾರೆ, ಹಲ್ಲು ಕಚ್ಚಿ. ತೊಡೆಗಳು ನಡುಗುತ್ತವೆ, ಮತ್ತೆ ಧೊಪ್ಪನೆ ಕೂರುತ್ತಾರೆ. ‘ಏನಿಲ್ಲ, ಕಾಲು ಜೋಮು ಹಿಡಿದಿದೆ’ ಎಂದು ನಗುತ್ತಾರೆ. ನಾನೂ ನಗುತ್ತೇನೆ. ಸೂಜಿಯಕ್ಕ ನಗುವುದಿಲ್ಲ.

‘ಯಾವತ್ತಿಂದ?’

‘ಜೋಮಿಗೆಲ್ಲ ತಾರೀಖು ಇಟ್ಕೊಳ್ತಾರಾ?’

‘ಮಾವ, ಯಾವತ್ತಿಂದ ನೋವು?’

ಮೂರ್ನಾಲ್ಕು ದಿನ ಆಯಿತಂತೆ. ತೊಡೆ, ಭುಜ, ಬೆನ್ನು. ನಿನ್ನೆ ಪಕ್ಕದ ಮನೆಯವರ ಬೀಗದಕೈಗೆ ಅರ ಹಾಕಲು ಹೋದರೆ ಕೈಯಲ್ಲಿ ಬಲವೇ ಇರಲಿಲ್ಲವಂತೆ. ಕೆಮ್ಮಿ ಕೆಮ್ಮಿ ಮೈನೋವು ಬಂದಿದೆ ಎಂದುಕೊಂಡು ಸುಮ್ಮನಾಗಿದ್ದಾರೆ. ಸೂಜಿಯಕ್ಕ ನನ್ನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಮುಂದಿನ ಪ್ರಶ್ನೆ ಕೇಳುತ್ತಾರೆ. ಸೊಸೆ ಮಾವನನ್ನು ಕೇಳುವ ಪ್ರಶ್ನೆ ಅಲ್ಲ ಅದು. ಮೂತ್ರದ ಬಣ್ಣ ಹೇಗಿದೆ?

ಮಾವನ ಕಿವಿ ಕೆಂಪಾಗುತ್ತದೆ. ನಾನು ಕಿಟಕಿಯ ಹೊರಗೆ ನೋಡುತ್ತೇನೆ, ಅಲ್ಲಿ ನೋಡಲು ಏನೂ ಇಲ್ಲದಿದ್ದರೂ. ‘ಹಾಲು ಹಾಕದ ಟೀ ಥರ’ ಎಂದು ಮಾವ ಗೊಣಗುವುದು ಕೇಳುತ್ತದೆ.

ಲ್ಯಾಬಿನವರ ನಿಯಮ ಸ್ಪಷ್ಟವಾಗಿದೆ: ರಕ್ತ ತೆಗೆಯುವವರು ರೋಗದ ಬಗ್ಗೆ ಬಾಯಿ ಬಿಡಬಾರದು. ಹಿಂದೊಮ್ಮೆ ಯಾರನ್ನೋ ಸುಮ್ಮನೆ ಹೆದರಿಸಿ, ಆಮೇಲೆ ಅದು ಏನೂ ಅಲ್ಲವೆಂದಾಗಿ ಸೂಜಿಯಕ್ಕ ಚೆನ್ನಾಗಿ ಬೈಸಿಕೊಂಡಿದ್ದಾರೆ. ಈಗಲೂ ಅವರು ರೋಗದ ಹೆಸರು ಹೇಳುವುದಿಲ್ಲ. ಮಾವನಿಗೆ ಮಾತ್ರೆ ಬರೆದ ಡಾಕ್ಟರಿಗೆ ಫೋನ್ ಹಚ್ಚಿ ಕಂಡದ್ದನ್ನಷ್ಟೇ ಹೇಳುತ್ತಾರೆ: ಏಳಲಾಗುತ್ತಿಲ್ಲ, ಮೈಯೆಲ್ಲ ನೋವು, ಬಣ್ಣ ಹೀಗಿದೆ. ಆ ಕಡೆಯಿಂದ ಒಂದೇ ಮಾತು: ತಕ್ಷಣ ಕರೆದುಕೊಂಡು ಬನ್ನಿ, ಇವತ್ತಿನ ಮಾತ್ರೆ ಕೊಡಬೇಡಿ, ಮನೆಯಲ್ಲಿರುವ ಅವರ ಎಲ್ಲ ಮಾತ್ರೆಗಳನ್ನೂ ತನ್ನಿ.

ಮುಂದಿನ ಮನೆಗಳವರಿಗೆ ಫೋನು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಖಾಲಿ ಹೊಟ್ಟೆಯವರಿಂದ ಸೂಜಿಯಕ್ಕನ ಬದಲು ನಾನೇ ಬೈಸಿಕೊಂಡೆ.

ಆಸ್ಪತ್ರೆಯ ತುರ್ತು ವಿಭಾಗ ಎಲ್ಲ ಕಡೆ ಇರುವ ಹಾಗೇ ಇದೆ. ಹಸಿರು ಪರದೆಗಳು, ಗಾಲಿಗಳ ಕಿರಗುಟ್ಟುವ ಸದ್ದು, ಯಾರದೋ ಫೋನು ಎತ್ತುವವರಿಲ್ಲದೆ ಹೊಡೆದುಕೊಳ್ಳುತ್ತಿದೆ. ಮಾವನನ್ನು ಮಂಚದ ಮೇಲೆ ಮಲಗಿಸಿ ಡ್ರಿಪ್ ಹಾಕುತ್ತಾರೆ. ಬೇರೊಬ್ಬರು ರಕ್ತ ತೆಗೆಯಲು ಬಂದಾಗ ಸೂಜಿಯಕ್ಕ ಕೈಕೈ ಹಿಸುಕಿಕೊಂಡು ನಿಲ್ಲುತ್ತಾರೆ. ಮೊದಲ ಚುಚ್ಚು ತಪ್ಪಿ ಎರಡನೆಯದು ಆಗುವಾಗ ಅವರಿಗೆ ಆಗುವ ಸಂಕಟ ಮುಖದಲ್ಲೇ ಕಾಣುತ್ತದೆ.

ಫೋನಿನಲ್ಲಿ ಮಾತಾಡಿದ ಡಾಕ್ಟರು ಬರುತ್ತಾರೆ, ಕನ್ನಡಕ ತಲೆಗೇರಿಸಿದ ನಡುವಯಸ್ಸಿನ ಹೆಂಗಸು. ಮಾತ್ರೆಗಳನ್ನೆಲ್ಲ ಒಂದೊಂದಾಗಿ ನೋಡಿ ಕೆಮ್ಮಿಗೆಂದು ಬೇರೆ ಕ್ಲಿನಿಕ್ಕಿನವರು ಕೊಟ್ಟ ಆಂಟಿಬಯೋಟಿಕ್ ಮೇಲೆ ಬೆರಳಿಡುತ್ತಾರೆ. ‘ಇದನ್ನ ಕೊಟ್ಟವರಿಗೆ ಕೊಲೆಸ್ಟ್ರಾಲ್ ಮಾತ್ರೆ ತಗೊಳ್ತೀನಿ ಅಂತ ಹೇಳಿದ್ರಾ?’

‘ಬೇರೆ ಯಾವುದಾದ್ರೂ ಕಾಯಿಲೆಗೆ ಮಾತ್ರೆ ಇದೆಯಾ ಅಂತ ಕೇಳಿದ್ರು. ಇಲ್ಲ ಅಂದೆ. ಅದು ಕಾಯಿಲೆಗಲ್ಲವಲ್ಲ, ಟೆಸ್ಟಿಗೆ.’

ಡಾಕ್ಟರ ಹುಬ್ಬು ಮೇಲೇರುತ್ತದೆ. ‘ಸರಿ. ಕೊಲೆಸ್ಟ್ರಾಲ್ ಮಾತ್ರೆ ದಿನಕ್ಕೆ ಒಂದೇ ತಾನೆ?’

ಮಾವ ಸೊಸೆಯ ಮುಖ ನೋಡುತ್ತಾರೆ, ಡ್ರಿಪ್ ಬಾಟಲಿ ನೋಡುತ್ತಾರೆ. ‘ಅವಳು ಸ್ವಲ್ಪ ಹೊರಗೆ ಹೋದ್ರೆ ಹೇಳ್ತೀನಿ.’

ನಾವಿಬ್ಬರೂ ಪರದೆಯ ಆಚೆ ಬರುತ್ತೇವೆ. ಪರದೆ ಗೋಡೆಯಲ್ಲ ಎಂಬುದು ಪಾಪ ಮಾವನಿಗೆ ಹೊಳೆದಿಲ್ಲ. ಅವರ ಒಂದೊಂದು ಮಾತೂ ಕಿವಿಗೆ ಬೀಳುತ್ತದೆ. ಸೂಜಿಯಕ್ಕ ಅಲ್ಲಿಂದ ಅತ್ತ ಸರಿಯುವುದಿಲ್ಲ, ನಾನೂ ಸರಿಯುವುದಿಲ್ಲ.

‘ಮಾತ್ರೆ ಬಾಕಿ ದಿನಗಳಲ್ಲಿ ದಿನ ಬಿಟ್ಟು ದಿನ ತಗೊಳ್ತೀನಿ ಡಾಕ್ಟ್ರೇ. ಉಳಿದದ್ದನ್ನ ಬೀಗದಕೈ ಡಬ್ಬೀಲಿ ಎತ್ತಿಡ್ತೀನಿ. ಟೆಸ್ಟಿಗೆ ಮುಂಚಿನ ವಾರ ಬೆಳಗ್ಗೆ ಒಂದು, ರಾತ್ರಿ ಒಂದು. ನಂಬರ್ ಚೆನ್ನಾಗಿ ಇಳಿಯುತ್ತೆ.’

‘ಯಾಕೆ ಹೀಗೆ ಮಾಡಿದ್ರಿ?’

‘ಅವಳ ಮುಖ ನೋಡ್ಬೇಕು ನೀವು, ರಿಪೋರ್ಟ್ ಬಿಚ್ಚುವಾಗ. ನಮ್ಮನೆಯವಳು ಹೋದಾಗಿಂದ ಆ ಹುಡುಗಿ ಒಂದು ಕಡೆ ಕೂತವಳಲ್ಲ. ನಾನು ಪಾಸಾದ ದಿನ ಮಾತ್ರ ಕೂತು ಊಟ ಮಾಡ್ತಾಳೆ.’

ಸೂಜಿಯಕ್ಕ ಬೆನ್ನು ಗೋಡೆಗೆ ಒರಗಿಸಿ ನಿಂತಿದ್ದಾರೆ. ‘ನಾನೇ ಅಲ್ವಾ ಪಾಸು ಫೇಲು ಅಂತ ಶುರು ಮಾಡಿದ್ದು’ ಎನ್ನುತ್ತಾರೆ. ಸಮಾಧಾನ ಹೇಳಬೇಕೆಂದರೆ ಸುಳ್ಳು ಹೇಳಬೇಕಾಗುತ್ತಿತ್ತು.

ಮಧ್ಯಾಹ್ನ ಡಾಕ್ಟರು ಬಿಡಿಸಿ ಹೇಳುತ್ತಾರೆ. ಮಾತ್ರೆ ಡಬಲ್ ಆದದ್ದು ಒಂದು, ಆಂಟಿಬಯೋಟಿಕ್ ಅದನ್ನು ಮೈಯಿಂದ ಹೊರಹೋಗಲು ಬಿಡದೆ ಹಿಡಿದಿಟ್ಟದ್ದು ಇನ್ನೊಂದು. ಎರಡೂ ಸೇರಿ ಸ್ನಾಯುಗಳು ಒಡೆಯಲು ಶುರುವಾಗಿವೆ. ಒಡೆದದ್ದು ರಕ್ತಕ್ಕೆ ಬಂದು ಕಿಡ್ನಿಯ ಮೇಲೆ ಬೀಳುತ್ತಿದೆ. ಮೂತ್ರದ ಬಣ್ಣ ಬದಲಾಗಲು ಅದೇ ಕಾರಣ. ‘ಇನ್ನೆರಡು ದಿನ ಹಾಗೇ ಬಿಟ್ಟಿದ್ರೆ ಡಯಾಲಿಸಿಸ್ ಬೇಕಾಗ್ತಿತ್ತೇನೋ. ಈಗಲೂ ಪೂರ್ತಿ ಹೇಳೋ ಹಾಗಿಲ್ಲ. ನೀರು ಚೆನ್ನಾಗಿ ಹೋಗ್ಬೇಕು, ಕಾದು ನೋಡ್ಬೇಕು’ ಎನ್ನುತ್ತಾರೆ.

ಕಾಯುವುದು ಸೂಜಿಯಕ್ಕನಿಗೆ ಬಾರದ ವಿದ್ಯೆ. ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಾರೆ. ನೀರಿನ ಯಂತ್ರದ ಹತ್ತಿರ ಹೋಗಿ ಲೋಟ ತುಂಬಿಸಿ, ಕುಡಿಯದೆ ಅಲ್ಲೇ ಇಟ್ಟು ಬರುತ್ತಾರೆ. ಲಿಫ್ಟ್ ಮೆಕ್ಯಾನಿಕ್ ಆಗಿರುವ ಗಂಡ ಗ್ರೀಸ್ ಮೆತ್ತಿದ ಬಟ್ಟೆಯಲ್ಲೇ ಓಡಿ ಬಂದಾಗ ಅವರ ಮೇಲೆ ರೇಗುತ್ತಾರೆ, ನಿಮ್ಮಪ್ಪ ನಡೆಯುವುದನ್ನು ನೀವಾದರೂ ನೋಡಬಾರದಿತ್ತಾ ಎಂದು. ಅವರೂ ಪಕ್ಕದಲ್ಲಿ ನಡೆಯತೊಡಗುತ್ತಾರೆ. ನರ್ಸು ಹೊರಬಂದಾಗಲೆಲ್ಲ ಸೂಜಿಯಕ್ಕ ‘ಎಷ್ಟು ಹೋಯ್ತು? ಬಣ್ಣ?’ ಎಂದು ಕೇಳುತ್ತಾರೆ. ನಾಲ್ಕನೇ ಸಲಕ್ಕೆ ನರ್ಸಿನ ತಾಳ್ಮೆ ಮುಗಿಯುತ್ತದೆ. ‘ಅಕ್ಕಾ, ತಿಳಿಯಾದಾಗ ನಾನೇ ಕೂಗ್ತೀನಿ, ಸ್ವಲ್ಪ ಕೂತ್ಕೊಳ್ಳಿ.’

ತಿಳಿಯಾಗಲು ಮೂರು ದಿನ ಹಿಡಿಯಿತು. ಕಿಡ್ನಿ ಉಳಿಯಿತು. ಮನೆಗೆ ಬಂದ ಮಾವ ಗೋಡೆ ಹಿಡಿದು ನಡೆಯುತ್ತಾರೆ, ಬೈಗುಳ ನಿರೀಕ್ಷಿಸುತ್ತಾರೆ. ಬೈಗುಳ ಬರುವುದಿಲ್ಲ. ಸೊಸೆ ಊಟ ಬಡಿಸಿ, ತಾವೂ ಪಕ್ಕದಲ್ಲಿ ಕೂತು ತಿನ್ನುತ್ತಾರೆ, ಯಾವ ರಿಪೋರ್ಟೂ ಇಲ್ಲದ ದಿನ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಸೂಜಿಯಕ್ಕನ ತಲೆಯಲ್ಲಿ ಹುಳ ಕೊರೆಯುತ್ತದೆ: ಮಾವ ಒಬ್ಬರೇ ಹೀಗೆ ಮಾಡಿರುತ್ತಾರಾ? ಪಾಸು ಫೇಲು ಎಂದು ತಾನು ನಗಿಸಿದ್ದು ಊರಿಗೆಲ್ಲ. ಕೆಲಸಕ್ಕೆ ಮರಳಿದ ದಿನದಿಂದ ಮನೆಮನೆಯಲ್ಲಿ ಮಾವನ ಕಥೆ ಹೇಳಿ, ಮಾತ್ರೆ ಹೇಗೆ ತಗೊಳ್ತೀರಿ ಎಂದು ಕೇಳುತ್ತಾರೆ. ನಾಲ್ಕನೇ ಮಹಡಿಯ ಯಜಮಾನರು ಮೊದಲು ಗೋಡೆ ನೋಡುತ್ತಾರೆ, ಆಮೇಲೆ ಟೆಸ್ಟಿಗೆ ಮುಂಚೆ ತಾವೂ ಎರಡೆರಡು ನುಂಗುವುದುಂಟು ಎಂದು ಒಪ್ಪಿಕೊಳ್ಳುತ್ತಾರೆ. ಇನ್ನೊಂದು ಮನೆಯಾಕೆ ಪೂರ್ತಿ ಉಲ್ಟಾ. ನಿಜವಾದ ನಂಬರ್ ಗೊತ್ತಾಗಲಿ ಎಂದು ಟೆಸ್ಟಿಗೆ ಮುಂಚೆ ಒಂದು ವಾರ ಮಾತ್ರೆಯನ್ನೇ ನಿಲ್ಲಿಸುತ್ತಾರಂತೆ. ‘ಡಾಕ್ಟ್ರು ನೋಡ್ಬೇಕಾದ್ದು ಮಾತ್ರೆ ಕೆಲಸ ಮಾಡ್ತಿದೆಯಾ ಅಂತ. ನಿಲ್ಲಿಸಿ ತೋರಿಸಿದ್ರೆ ಏನು ನೋಡ್ತಾರೆ, ನನ್ನ ತಲೆ?’ ಎಂದು ಸೂಜಿಯಕ್ಕ ಮೆಟ್ಟಿಲಿಳಿಯುತ್ತಾ ನನ್ನ ಮೇಲೆ ಹಾರಾಡುತ್ತಾರೆ, ನಾನೇ ನಿಲ್ಲಿಸಿದ ಹಾಗೆ.

ಕಥೆ ಹೇಳಿದ್ದು ಒಂದು ಕಡೆ ಮಾತ್ರ ತಿರುಗಿ ಹೊಡೆಯುತ್ತದೆ. ಲ್ಯಾಬಿನ ಪಕ್ಕದ ಬೇಕರಿಯಮ್ಮನಿಗೆ ಎರಡು ವರ್ಷದ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ಕಥೆ ಕೇಳಿದ ಮಾರನೆಯ ದಿನವೇ ಆಕೆ ತಮ್ಮ ಕೊಲೆಸ್ಟ್ರಾಲ್ ಮಾತ್ರೆಯ ಸ್ಟ್ರಿಪ್ಪನ್ನು ಕಸದ ಬುಟ್ಟಿಗೆ ಎಸೆದಿದ್ದಾರೆ. ಸುದ್ದಿ ತಿಳಿದ ಸೂಜಿಯಕ್ಕ ಹೆಲ್ಮೆಟ್ ಕೂಡ ತೆಗೆಯದೆ ಬೇಕರಿಗೆ ನುಗ್ಗುತ್ತಾರೆ.

‘ಎರಡು ತಗೋಬೇಡಿ ಅಂದ್ರೆ ಒಂದೂ ತಗೋಬೇಡಿ ಅಂತಾನಾ?’

‘ಸ್ನಾಯು ಕರಗುತ್ತೆ ಅಂದಿದ್ದು ನೀನೇ!’ ಬೇಕರಿಯಮ್ಮ ಟ್ರೇ ಎತ್ತಿ ಕುಕ್ಕುತ್ತಾರೆ. ‘ನಾನು ಬೆಳಗ್ಗಿಂದ ಹಿಟ್ಟು ನಾದಬೇಕು. ತೋಳು ಹೋದ್ರೆ ಅಂಗಡಿ ಯಾರು ನಡೆಸ್ತಾರೆ, ನಿನ್ನ ಡಾಕ್ಟ್ರಾ?’

‘ನಿಮಗೆ ಈಗ ತೋಳು ನೋವಿದೆಯಾ?’

‘ಇಲ್ಲ. ಬಂದ್ರೆ?’

‘ಬಂದ್ರೆ ಅವತ್ತೇ ಡಾಕ್ಟ್ರಿಗೆ ಫೋನ್ ಮಾಡಿ. ನಿಮ್ಮಷ್ಟಕ್ಕೆ ನಿಲ್ಲಿಸ್ಬೇಡಿ. ನನ್ನ ಮಾತು ಕೇಳ್ಬೇಡಿ, ನಾನು ರಕ್ತ ತೆಗೆಯೋಳು. ಇಗೋ, ಮಾವನ ಡಾಕ್ಟ್ರ ಹತ್ರಾನೇ ಮಾತಾಡಿ.’ ನಂಬರ್ ಒತ್ತಿದ ಫೋನು ಹಿಟ್ಟು ಮೆತ್ತಿದ ಕೈಗೆ ಹೋಗುತ್ತದೆ. ಆ ಕಡೆಯಿಂದ ಡಾಕ್ಟರು ಹೇಳುವುದನ್ನು ಬೇಕರಿಯಮ್ಮ ಹೂಂ ಹೂಂ ಎಂದು ಕೇಳುತ್ತಾರೆ. ಹೇಳಿದಷ್ಟೇ ತಗೊಂಡರೆ ಈ ತೊಂದರೆ ಬಹಳ ಅಪರೂಪ. ಸ್ಟೆಂಟ್ ಹಾಕಿದವರು ಮಾತ್ರೆ ಬಿಟ್ಟರೆ ಅಪಾಯ ಅದಕ್ಕಿಂತ ಎಷ್ಟೋ ಹತ್ತಿರದ್ದು. ಬೇರೆ ಯಾರೇ ಔಷಧ ಬರೆದರೂ ಈ ಮಾತ್ರೆಯ ಹೆಸರು ಹೇಳಬೇಕು. ನೋವಿದ್ದರೆ ಪ್ರಮಾಣ ಇಳಿಸಬಹುದು, ಬೇರೆ ಮಾತ್ರೆಗೆ ಬದಲಾಯಿಸಬಹುದು. ಫೋನು ವಾಪಸು ಕೊಟ್ಟ ಬೇಕರಿಯಮ್ಮ ‘ಇದನ್ನೇ ನೆಟ್ಟಗೆ ಹೇಳಿದ್ರೆ ಒಂದು ಸ್ಟ್ರಿಪ್ ಮಾತ್ರೆ ಉಳೀತಿತ್ತು’ ಎಂದು ಮುಖ ತಿರುಗಿಸುತ್ತಾರೆ. ಸಂಜೆ ಹೊಸ ಸ್ಟ್ರಿಪ್ ತಂದಿದ್ದಾರೆಂದು ಸೂಜಿಯಕ್ಕ ಖುದ್ದು ನೋಡಿ ಬಂದು ನನಗೆ ಹೇಳುತ್ತಾರೆ.

ಅಂದಿನಿಂದ ಸೂಜಿಯಕ್ಕ ಮಾವನ ಕಥೆಯನ್ನು ಗಡಿಬಿಡಿಯಲ್ಲಿ ಹೇಳುವುದಿಲ್ಲ. ರಿಪೋರ್ಟ್ ನೋಡಿ ಶಹಬ್ಬಾಸ್ ಎನ್ನುವುದನ್ನೂ ಬಿಟ್ಟಿದ್ದಾರೆ. ಚುಚ್ಚುವ ಮುಂಚೆ ನಗಿಸಲು ಬೇರೆ ಜೋಕು ಹುಡುಕುತ್ತಿದ್ದಾರೆ, ಸದ್ಯಕ್ಕೆ ಎಲ್ಲವೂ ನೀರಸ. ‘ಸೂಜಿ ಹಿಡ್ಕೊಂಡು ಬರೋಳು ಮಾರ್ಕ್ಸ್ ಕೊಡ್ಬಾರ್ದು ಮೇಡಂ. ಜನ ನಮ್ಮನ್ನ ಖುಷಿಪಡಿಸೋಕೆ ಏನು ಬೇಕಾದ್ರೂ ನುಂಗ್ತಾರೆ. ನಾನು ಹೋದಾಗ ಯಾರೂ ನನಗೋಸ್ಕರ ಚೆನ್ನಾಗಿರೋದು ಬೇಡ. ಇದ್ದ ಹಾಗೆ ಇದ್ರೆ ಸಾಕು’ ಎನ್ನುತ್ತಾರೆ. ಇದಕ್ಕಿಂತ ದೊಡ್ಡ ಆಸೆ ಏನಾದರೂ ಇದೆಯಾ ಎಂದು ನಾನು ಕೇಳಿದೆ, ಪತ್ರಿಕೆಯವರು ಕೇಳಲೇಬೇಕಲ್ಲ. ಲಿಫ್ಟ್ ಇರುವ ಮನೆಗಳು, ಎಂದರು.

ಮಾವ ಸುಧಾರಿಸಿಕೊಂಡ ಮೇಲೆ ಡಾಕ್ಟರು ಬೇರೆ ಸ್ಟ್ಯಾಟಿನ್ ಅನ್ನು ಸಣ್ಣ ಪ್ರಮಾಣದಲ್ಲಿ ಶುರು ಮಾಡಿಸಿದ್ದಾರೆ. ಶುರುವಿಗೆ ಮಾವ ಅದನ್ನು ಕಂಡರೇ ಹೆದರುತ್ತಿದ್ದರು, ಅಂಗೈಯಲ್ಲಿಟ್ಟುಕೊಂಡು ದಿಟ್ಟಿಸುತ್ತಾ ಕೂರುತ್ತಿದ್ದರು. ಈಗ ಅರ ಹಿಡಿಯುವಷ್ಟು ಕೈಗೆ ಬಲ ಬಂದಿದೆ. ಹೊಸ ಮಾತ್ರೆಯ ಮೊದಲ ಟೆಸ್ಟಿನ ಬೆಳಗ್ಗೆ ನಾನು ಮತ್ತೆ ಆ ಮನೆಗೆ ಹೋಗಿದ್ದೇನೆ. ಒಪ್ಪಿಕೊಳ್ಳುತ್ತೇನೆ, ನನಗೆ ಸೊಸೆಗಿಂತ ಹೆಚ್ಚು ತಳಮಳ.

ಸೂಜಿಯಕ್ಕನಿಗೆ ಇನ್ನೂ ಹತ್ತು ಮನೆ ಬಾಕಿ. ಫೋನು ಎರಡು ಸಲ ಹೊಡೆದುಕೊಂಡು ನಿಂತಿದೆ. ಕುರ್ಚಿಯಲ್ಲಿ ಕೂತ ಮಾವನ ತೋಳಿಗೆ ಪಟ್ಟಿ ಬಿಗಿದು, ಹತ್ತಿಯಿಂದ ಒರೆಸಿ, ಸೂಜಿಯ ಮುಚ್ಚಳ ತೆಗೆಯುತ್ತಾರೆ.

‘ತಡಿಯಮ್ಮ’ ಎನ್ನುತ್ತಾರೆ ಮಾವ. ‘ಚುಚ್ಚೋಕೆ ಮುಂಚೆ ಒಂದು ಮಾತು. ಮೊನ್ನೆ ರಾತ್ರಿ ಮಾತ್ರೆ ಮರೆತೆ. ನಿನ್ನೆ ಸೇರಿಸಿ ಎರಡು ನುಂಗಲಿಲ್ಲ, ಒಂದೇ ತಗೊಂಡೆ. ನೀನು ಕೇಳಲಿಲ್ಲ, ಆದ್ರೂ ಹೇಳ್ಬೇಕು ಅನ್ನಿಸ್ತು.’

ಸೂಜಿಯಕ್ಕನ ಕೈ ಗಾಳಿಯಲ್ಲೇ ನಿಲ್ಲುತ್ತದೆ. ಸೂಜಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಡುತ್ತಾರೆ, ಮಾವನ ತೋಳಿನ ಪಟ್ಟಿ ಸಡಿಲಿಸುತ್ತಾರೆ. ಮೂರನೇ ಸಲ ಹೊಡೆದುಕೊಳ್ಳುತ್ತಿರುವ ಫೋನನ್ನು ನೋಡದೆಯೇ ಆಫ್ ಮಾಡಿ, ಗಿಡ್ಡ ಸ್ಟೂಲನ್ನು ಎಳೆದುಕೊಂಡು ಅವರ ಮೊಣಕಾಲಿನ ಹತ್ತಿರ ಕೂರುತ್ತಾರೆ.

‘ಇನ್ನೂ ಏನಾದ್ರೂ ಇದ್ರೆ ಹೇಳಿ ಮಾವ’ ಎನ್ನುತ್ತಾರೆ. ‘ನನಗೇನೂ ಅವಸರ ಇಲ್ಲ.’